ಹಳೇ ಸೋಲ್ ಹಾಡುಗಳ ಹಾರ್ನ್ಸ್ ಕಂಪ್ಯೂಟರಿನಲ್ಲಿ ಬರಬೇಕು ಅಂದರೆ ಏನು ಮಾಡಬೇಕು?

ಕೀಬೋರ್ಡ್ ಕಿಟ್ಟಿ

ಎಲ್ಲರಿಗೂ ನಮಸ್ಕಾರ. ಅರವತ್ತರ ದಶಕದ ಅಮೆರಿಕದ ಸೋಲ್ (soul) ಸಂಗೀತದ ಧಾಟಿಯಲ್ಲಿ ಒಂದು ಕನ್ನಡ ಹಾಡು ಮಾಡುತ್ತಿದ್ದೇನೆ. ಡ್ರಮ್ಸ್, ಬೇಸ್, ಗಿಟಾರ್, ಆರ್ಗನ್ ಎಲ್ಲಾ ಒಂದು ಹದಕ್ಕೆ ಬಂದಿವೆ. ಹಾರ್ನ್ಸ್, ಅಂದರೆ ಟ್ರಂಪೆಟ್, ಸ್ಯಾಕ್ಸೋಫೋನ್, ಶುರುವಾದ ತಕ್ಷಣ ಹಾಡು ಕೆಡುತ್ತದೆ. ಕಾಂಟ್ಯಾಕ್ಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಓಡುವ ಒಂದು ಸೆಕ್ಷನ್ ಲೈಬ್ರರಿ (ಇಡೀ ಹಾರ್ನ್ ತಂಡದ ದನಿ ರೆಕಾರ್ಡ್ ಮಾಡಿಟ್ಟದ್ದು) ಇದೆ, ಹೆಸರು ಬೇಡ, ಕೆಟ್ಟದ್ದೇನೂ ಅಲ್ಲ. ಆದರೆ ಕೇಳಿದರೆ ಟೀವಿ ಅವಾರ್ಡ್ ಫಂಕ್ಷನ್ನಿನಲ್ಲಿ ಯಾರನ್ನೋ ಸ್ಟೇಜಿಗೆ ಕರೆಯುವಾಗ ಹಾಕುವ ಮ್ಯೂಸಿಕ್ ಥರ ಇದೆ.

ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ದನಿಯ ಹಿಂದೆ ಬರುತ್ತದಲ್ಲ, ಸ್ವಲ್ಪ ಒರಟು, ಸ್ವಲ್ಪ ಮಂದ, ಆದರೂ ಎದೆಗೇ ಬಂದು ಹೊಡೆಯುತ್ತದೆ, ಅದು ಬೇಕು. ಹಳೇ ಟೇಪಿನ ದನಿ ತರುವ ಪ್ಲಗಿನ್ ಹಾಕಿ ನೋಡಿದೆ, ಪ್ರತಿಧ್ವನಿಗೆ ಪ್ಲೇಟ್ ರಿವರ್ಬ್ ಹಾಕಿದೆ, ಮೇಲಿನ ಫ್ರೀಕ್ವೆನ್ಸಿ ಕತ್ತರಿಸಿದೆ. ಹಳೇದಾಗುವ ಬದಲು ಸುಮ್ನೆ ಮಂಕಾಯಿತು. ಬೇರೆ ಲೈಬ್ರರಿ ಕೊಳ್ಳಬೇಕಾ?

ಅನಲಾಗ್ ಅಪ್ಪಯ್ಯ

ಕೊಳ್ಳುವುದು ಆಮೇಲೆ. ಮೊದಲು ಯಾವ ಊರಿನ ಹಾರ್ನ್ಸ್ ಅಂತ ತೀರ್ಮಾನ ಮಾಡಿ. "ಹಳೇ ಸೋಲ್" ಅನ್ನೋದು ಒಂದೇ ಸೌಂಡ್ ಅಲ್ಲ.

ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋ ಅಂದರೆ ಹಳೇ ಸಿನಿಮಾ ಥಿಯೇಟರು. ಸೀಟು ಕಿತ್ತರು, ಇಳಿಜಾರಿನ ನೆಲ ಹಾಗೇ ಉಳಿಯಿತು. ಎಲ್ಲರೂ ಒಂದೇ ಹಾಲ್‌ನಲ್ಲಿ ನಿಂತು ಒಟ್ಟಿಗೆ ಬಾರಿಸುತ್ತಿದ್ದರು. ಅರವತ್ತರ ದಶಕದ ಮಧ್ಯದವರೆಗೂ ಅಲ್ಲಿ ಮೋನೋ ರೆಕಾರ್ಡಿಂಗೇ, ಎಲ್ಲಾ ಒಂದೇ ಟ್ರ್ಯಾಕ್‌ನಲ್ಲಿ, ಆಮೇಲೂ ಟ್ರ್ಯಾಕ್‌ಗಳು ತೀರಾ ಕಮ್ಮಿ. ಹಾಗಾಗಿ ಹಾರ್ನ್ ಮೈಕ್‌ನಲ್ಲಿ ಡ್ರಮ್ಸ್ ಕೇಳಿಸುತ್ತದೆ, ಡ್ರಮ್ ಮೈಕ್‌ನಲ್ಲಿ ಹಾರ್ನ್ಸ್ ಕೇಳಿಸುತ್ತದೆ. ಜೇಮ್ಸ್ ಬ್ರೌನ್ ಬ್ಯಾಂಡಿನ ಹಾರ್ನ್ಸ್ ಇನ್ನೊಂದೇ ಲೋಕ. ಅಲ್ಲಿ ಹಾರ್ನ್ಸ್ ಕೂಡ ತಾಳವಾದ್ಯವೇ, ಚಿಕ್ಕ ಚಿಕ್ಕ ಹೊಡೆತ. ಮೆಂಫಿಸ್‌ನಲ್ಲೇ ವಿಲ್ಲಿ ಮಿಚೆಲ್ ಅವರ ರಾಯಲ್ ಸ್ಟುಡಿಯೋದಲ್ಲಿ ಅಲ್ ಗ್ರೀನ್‌ಗೆ ಮಾಡಿದ ಹಾರ್ನ್ಸ್ ಮತ್ತೂ ಬೇರೆ, ಮೆತ್ತಗೆ, ಹತ್ತಿರ. ತಮಾಷೆ ಏನಂದರೆ ಅದೂ ಹಳೇ ಥಿಯೇಟರೇ.

ನೀವು ಓಟಿಸ್ ಅಂದಿದ್ದೀರಿ. ಹಾಗಾದರೆ ಸ್ಟ್ಯಾಕ್ಸ್. ಇನ್ನು ಅದನ್ನು ಬಿಟ್ಟು ಅತ್ತಿತ್ತ ಹೋಗಬೇಡಿ.

ಮಿಷಿಗನ್ ಮಂಜ

ಡೆಟ್ರಾಯ್ಟ್ ಬಿಟ್ಟುಬಿಟ್ಟಿರಲ್ಲ ಅಪ್ಪಯ್ಯನವರೇ! ನಾನು ಇರುವುದು ಇಲ್ಲೇ ಹತ್ತಿರ. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ 2648, ಮೋಟೌನ್ ರೆಕಾರ್ಡ್ ಕಂಪನಿಯ ಹಿಟ್ಸ್‌ವಿಲ್ ಮನೆ. ಈಗ ಮ್ಯೂಸಿಯಂ. ಸ್ಟುಡಿಯೋ ಎ ಅಷ್ಟು ಚಿಕ್ಕದು ಅಂತ ನೋಡುವವರೆಗೂ ನಂಬಿಕೆ ಬರುವುದಿಲ್ಲ. ಎಕೋ ಚೇಂಬರ್ ಅಟ್ಟದ ಮೇಲೆ. ಟೂರ್‌ನಲ್ಲಿ ಅದರ ಕೆಳಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಸುತ್ತಾರೆ, ಚಪ್ಪಾಳೆ ಮೇಲೆ ಹೋಗಿ ದೊಡ್ಡದಾಗಿ ವಾಪಸ್ ಬರುತ್ತದೆ.

ಮೋಟೌನ್‌ನಲ್ಲಿ ಅರವತ್ತರ ದಶಕದ ಮಧ್ಯಕ್ಕೆಲ್ಲ 8 ಟ್ರ್ಯಾಕ್ ಇತ್ತು. ಹಾರ್ನ್ಸ್ ಅನ್ನು ಬೇರೆಯಾಗಿ ಮೇಲಿಂದ ಸೇರಿಸುತ್ತಿದ್ದರು, ಬರೆದ ಅರೇಂಜ್‌ಮೆಂಟ್ ನೋಡಿ ಊದುತ್ತಿದ್ದರು. ಅದಕ್ಕೇ ಅಲ್ಲಿನದು ಹೆಚ್ಚು ಅಚ್ಚುಕಟ್ಟು. ಸ್ಯಾಂಪಲ್ ಲೈಬ್ರರಿಯಲ್ಲಿ ಮೋಟೌನ್ ಸ್ವಲ್ಪ ಸುಲಭ, ಸ್ಟ್ಯಾಕ್ಸ್ ಕಷ್ಟ. ಕಿಟ್ಟಿಯವರು ಕಷ್ಟದ್ದನ್ನೇ ಹಿಡಿದಿದ್ದಾರೆ. ಮತ್ತೆ ಬ್ಯಾರಿಟೋನ್ ಸ್ಯಾಕ್ಸ್ ಇದೆಯಾ ನಿಮ್ಮ ಟ್ರ್ಯಾಕ್‌ನಲ್ಲಿ? ಅದಿಲ್ಲದೆ ಯಾವ ಊರಿನ ಸೋಲೂ ಆಗುವುದಿಲ್ಲ. ಮೋಟೌನ್‌ನಲ್ಲಿ ಮೈಕ್ ಟೆರ್ರಿ ಅಂತ ಬ್ಯಾರಿಟೋನ್ ವಾದಕರಿದ್ದರು, ಸೋಲೋ ಕೂಡ ಅದರಲ್ಲೇ ಬಾರಿಸುತ್ತಿದ್ದರು.

ಮೂರನೇ ಕ್ರಾಸ್

ಕಿಟ್ಟಿ, ಒಂದು ಪ್ರಶ್ನೆ. ಸೆಕ್ಷನ್ ಪ್ಯಾಚ್ (ಇಡೀ ತಂಡದ ದನಿ) ಮೇಲೆ ಕಾರ್ಡ್ ಹಿಡಿಯುತ್ತಿದ್ದೀರಾ? ಎರಡು ಕೈಯಲ್ಲಿ, ಪಿಯಾನೋ ಬಾರಿಸಿದ ಹಾಗೆ?

ಕೀಬೋರ್ಡ್ ಕಿಟ್ಟಿ

ಹೌದು. ಬೇರೆ ಹೇಗೆ?

ಮೂರನೇ ಕ್ರಾಸ್

ಅಲ್ಲೇ ಇರುವುದು. ಪ್ಯಾಚ್‌ನಲ್ಲಿ ಮೂವರು ವಾದಕರು ಅಂದುಕೊಳ್ಳಿ. ನೀವು ಮೂರು ಸ್ವರ ಒತ್ತಿದರೆ ಒಂಬತ್ತು ಜನ ಊದುತ್ತಾರೆ. ನಾಲ್ಕು ಒತ್ತಿದರೆ ಹನ್ನೆರಡು. ಅದಕ್ಕೇ ಅವಾರ್ಡ್ ಫಂಕ್ಷನ್ ಆಗಿರುವುದು. ಸ್ಟ್ಯಾಕ್ಸ್‌ನಲ್ಲಿ ಇದ್ದವರು ಎಷ್ಟು ಜನ? ಟ್ರಂಪೆಟ್‌ಗೆ ವೇಯ್ನ್ ಜಾಕ್ಸನ್, ಟೆನರ್ ಸ್ಯಾಕ್ಸ್‌ಗೆ ಆಂಡ್ರ್ಯೂ ಲವ್, ಜೊತೆಗೆ ಇನ್ನೊಂದು ಟೆನರ್ ಅಥವಾ ಫ್ಲಾಯ್ಡ್ ನ್ಯೂಮನ್ ಅವರ ಬ್ಯಾರಿಟೋನ್. ಎರಡರಿಂದ ನಾಲ್ಕು ಜನ, ಅಷ್ಟೇ. (ಒಬ್ಬ ಬಿಳಿಯ, ಒಬ್ಬ ಕರಿಯ, ಆ ಕಾಲದ ಮೆಂಫಿಸ್‌ನಲ್ಲಿ ಒಂದೇ ಮೈಕ್ ಮುಂದೆ. ಇದು ಬೇರೆಯೇ ಚರ್ಚೆ.) ಆಮೇಲೆ ಇವರಿಬ್ಬರೇ ಮೆಂಫಿಸ್ ಹಾರ್ನ್ಸ್ ಅಂತ ಹೆಸರಾದರು, 2012ರಲ್ಲಿ ಗ್ರ್ಯಾಮಿಯವರು ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು.

ಸೆಕ್ಷನ್ ಪ್ಯಾಚ್ ತೆಗೆದುಹಾಕಿ. ಒಂಟಿ ಟ್ರಂಪೆಟ್ ಒಂದು ಟ್ರ್ಯಾಕ್, ಒಂಟಿ ಟೆನರ್ ಒಂದು ಟ್ರ್ಯಾಕ್, ಒಂಟಿ ಬ್ಯಾರಿಟೋನ್ ಒಂದು ಟ್ರ್ಯಾಕ್. ಒಂದೊಂದನ್ನೂ ಬೇರೆಯಾಗಿ, ಮೊದಲಿಂದ ಕೊನೆವರೆಗೆ ಕೈಯಲ್ಲೇ ಬಾರಿಸಿ ರೆಕಾರ್ಡ್ ಮಾಡಿ. ಮಿಡಿ (ಕೀ ಒತ್ತಿದ ದಾಖಲೆ) ಕಾಪಿ ಪೇಸ್ಟ್ ಮಾಡಬೇಡಿ, ಸ್ವರಗಳನ್ನು ತಾಳದ ಗೆರೆಗೆ ತಾನೇ ಕೂರಿಸುವ ಕ್ವಾಂಟೈಜ್ ಒತ್ತಬೇಡಿ. ಮೂವರ ಸಣ್ಣಪುಟ್ಟ ವ್ಯತ್ಯಾಸ ತಾನಾಗಿ ಬರುತ್ತದೆ.

ಸ್ವರ ಜೋಡಿಸುವುದು ಹೀಗೆ. ನಿಮ್ಮ ಕಾರ್ಡ್ ಎ ಮೇಜರ್ ಅಂತಿಟ್ಟುಕೊಳ್ಳಿ. ಟ್ರಂಪೆಟ್‌ಗೆ 440 ಹರ್ಟ್ಸ್‌ನ ಎ, ಅಂದರೆ ಸ. ಟೆನರ್‌ಗೆ ಅದರ ಕೆಳಗಿನ ಇ, ಅಂದರೆ ಪ. ಬ್ಯಾರಿಟೋನ್‌ಗೆ ಎರಡು ಸ್ಥಾಯಿ ಕೆಳಗಿನ ಸ. ಗಾಂಧಾರ ಹಾಕಲೇಬೇಡಿ, ಅದು ಆರ್ಗನ್ನಿಗೋ ಗಿಟಾರಿಗೋ ಇರಲಿ. ಅಥವಾ ಮೂವರೂ ಒಂದೇ ಸ್ವರ, ಬೇರೆ ಬೇರೆ ಸ್ಥಾಯಿಯಲ್ಲಿ. ಸ್ಟ್ಯಾಕ್ಸ್ ಹಾಡುಗಳಲ್ಲಿ ಇಂಥ ಖಾಲಿ ಖಾಲಿ ಜೋಡಣೆ ಎಷ್ಟು ಜಾಸ್ತಿ ಅಂತ ಕಿವಿಗೊಟ್ಟು ಕೇಳಿ. ಏಳನೇ ಸ್ವರ, ಒಂಬತ್ತನೇ ಸ್ವರ ತುಂಬಿಸಿದರೆ ಅದು ಬಿಗ್ ಬ್ಯಾಂಡ್ ಜ್ಯಾಝ್ ಕಡೆಗೆ ವಾಲುತ್ತದೆ. ಟ್ರಂಪೆಟನ್ನು ತಾರಸ್ಥಾಯಿಗೆ ಏರಿಸಿ ಕಿರುಚಿಸಿದರೂ ಅದೇ ಕಥೆ.

ಪ್ಲಗಿನ್ ಪ್ರೇಮಿ

ಇಷ್ಟೆಲ್ಲ ಯಾಕೆ, ಸೋಲ್‌ಗೆ ಅಂತಲೇ ಫ್ರೇಸ್ ರೆಡಿ ಮಾಡಿಟ್ಟ ಲೈಬ್ರರಿಗಳಿವೆ. ಒಂದು ಕೀ ಒತ್ತಿದರೆ ನಿಜವಾದ ವಾದಕರು ಊದಿದ ಇಡೀ ಸಾಲು ಬರುತ್ತದೆ.

ಮೂರನೇ ಕ್ರಾಸ್

ಬರುತ್ತದೆ ಸ್ವಾಮಿ, ಆದರೆ ಅದು ಅವರ ಸಾಲು. ಹಾಡು ಕೇಳುವ ಪ್ರಶ್ನೆಗೆ ಹಾರ್ನ್ಸ್ ಉತ್ತರ ಕೊಡಬೇಕಲ್ವಾ? ರೆಡಿ ಫ್ರೇಸ್‌ಗೆ ನಿಮ್ಮ ಹಾಡಿನ ಪಲ್ಲವಿ ಗೊತ್ತಿಲ್ಲ.

ಅನಲಾಗ್ ಅಪ್ಪಯ್ಯ

ಮೂರನೇ ಕ್ರಾಸ್ ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಒಂದು ಸೇರಿಸುತ್ತೇನೆ. ಓಟಿಸ್ ರೆಡ್ಡಿಂಗ್ ಹಾರ್ನ್ ಸಾಲುಗಳನ್ನು ಬರೆದು ಕೊಡುತ್ತಿರಲಿಲ್ಲ. ವಾದಕರ ಎದುರು ನಿಂತು ಬಾಯಲ್ಲೇ ಹಾಡಿ ತೋರಿಸುತ್ತಿದ್ದರು, ಅವರು ಅದನ್ನು ಕೇಳಿ ಹಾಗೇ ಊದುತ್ತಿದ್ದರು. 1966ರಲ್ಲಿ "ಫಾ-ಫಾ-ಫಾ" ಅಂತ ಒಂದು ಹಾಡೇ ಬಂತು, ಆ ಫಾ-ಫಾ ಎಲ್ಲಾ ಹಾರ್ನ್ ಸಾಲೇ.

ಕಿಟ್ಟಿಯವರೇ, ಕೀಬೋರ್ಡ್ ಮುಟ್ಟುವ ಮೊದಲು ಫೋನ್ ಎತ್ತಿಕೊಳ್ಳಿ. ಹಾಡಿನ ಜೊತೆ ಹಾರ್ನ್ ಸಾಲನ್ನು ಬಾಯಲ್ಲಿ ಹಾಡಿ ರೆಕಾರ್ಡ್ ಮಾಡಿ. ನಾಚಿಕೆ ಬೇಡ, ಕೊನ್ನಕ್ಕೋಲ್ ಹೇಳುವ ನಾಡಿನವರು ನಾವು. ಆಮೇಲೆ ಕೇಳಿ ನೋಡಿ. "ಡಪ್" ಅಂದಿದ್ದೀರಾ, "ಡಾ" ಅಂದಿದ್ದೀರಾ, "ಡ್ವಾಆಂವ್" ಅಂತ ಕೆಳಗೆ ಜಾರಿದ್ದೀರಾ. ಡಪ್ ಅಂದಲ್ಲಿ ಸ್ಟಕಾಟೋ, ಅಂದರೆ ಚಿಕ್ಕ ಸ್ವರ. ಡಾ ಅಂದಲ್ಲಿ ಸಸ್ಟೇನ್, ಎಳೆದ ಸ್ವರ. ಜಾರಿದ ಕಡೆ ಫಾಲ್. ಊದುವ ರೀತಿ ಬದಲಿಸುವ ಕೀಸ್ವಿಚ್ ಯಾವುದು ಎಲ್ಲಿ ಅಂತ ತಲೆ ಕೆಡಿಸಿಕೊಳ್ಳುವುದೇ ತಪ್ಪುತ್ತದೆ. ಉಸಿರು ಎಲ್ಲಿ ತಗೊಂಡಿರಿ ಅದನ್ನೂ ಗುರುತು ಹಾಕಿ. ಅಲ್ಲಿ ಸ್ವರ ಇರಬಾರದು.

ರಾತ್ರಿ ಪಾಳಿ

ನಾನು ಹೇಳಬೇಕೆಂದಿದ್ದು ಸ್ವರದ ಕೊನೆಯ ಬಗ್ಗೆ. ಎಲ್ಲರೂ ಸ್ವರ ಎಲ್ಲಿ ಶುರು ಅಂತ ನೋಡುತ್ತಾರೆ, ಎಲ್ಲಿ ಮುಗಿಯುತ್ತದೆ ಅಂತ ನೋಡುವುದೇ ಇಲ್ಲ. ಹಳೇ ರೆಕಾರ್ಡ್‌ಗಳಲ್ಲಿ ಹಾರ್ನ್ಸ್ ಶುರುವಾಗುವಾಗ ಸ್ವಲ್ಪ ಹಿಂದೆ ಮುಂದೆ ಇರುತ್ತವೆ, ಆದರೆ ನಿಲ್ಲುವಾಗ ಕತ್ತರಿ ಹಾಕಿದಂತೆ ಒಟ್ಟಿಗೆ ನಿಲ್ಲುತ್ತವೆ. ಆ ನಿಂತ ಜಾಗದಲ್ಲಿ ಸ್ನೇರ್ ಡ್ರಮ್ ಬೀಳುತ್ತದೆ. ಹೊಡೆತ ಬರುವುದು ಅಲ್ಲಿಂದಲೇ. ಮಿಡಿ ಎಡಿಟರ್ ತೆರೆದು ಮೂರೂ ಟ್ರ್ಯಾಕ್‌ಗಳ ಸ್ವರದ ಬಾಲವನ್ನು ಸ್ನೇರ್‌ಗೆ ಸರಿಯಾಗಿ ಕತ್ತರಿಸಿ. ಲೈಬ್ರರಿಯ ರಿಲೀಸ್ ನಾಬ್ ಕೂಡ ತಗ್ಗಿಸಿ, ಇಲ್ಲವಾದರೆ ಸ್ಟುಡಿಯೋದ ಬಾಲ ಎಳೆದುಕೊಂಡು ಬರುತ್ತದೆ.

ಶುರುವಿನ ವಿಷಯ. ಎಷ್ಟೋ ಲೈಬ್ರರಿಗಳಲ್ಲಿ ಸ್ಯಾಂಪಲ್‌ನ ಮುಂದೆ ಉಸಿರು, ನಾಲಿಗೆಯ ಶಬ್ದ ಎಲ್ಲಾ ಸೇರಿ ಸ್ವರ ತಡವಾಗಿ ತೆರೆದುಕೊಳ್ಳುತ್ತದೆ. ಗ್ರಿಡ್ (ತಾಳದ ಗೆರೆ) ಮೇಲೆ ಇಟ್ಟರೂ ಕಿವಿಗೆ ಲೇಟು. ಟ್ರ್ಯಾಕ್ ಡಿಲೇಯನ್ನು ಮೈನಸ್ ಕಡೆಗೆ ತಳ್ಳಿ, ಕಿವಿಯಿಂದಲೇ ಸರಿ ಮಾಡಿ. ಪೂರ್ತಿ ಮುಂದಕ್ಕೆ ತರಬೇಡಿ ಮತ್ತೆ. ಸ್ಟ್ಯಾಕ್ಸ್‌ನಲ್ಲಿ 1965ರಿಂದ ಎರಡನೇ ಮತ್ತು ನಾಲ್ಕನೇ ಬೀಟನ್ನು ಕೂದಲೆಳೆಯಷ್ಟು ತಡವಾಗಿ ಹೊಡೆಯುವ ರೂಢಿ ಬಂತು. ಡ್ರಮ್ಮರ್ ಅಲ್ ಜಾಕ್ಸನ್ ಮತ್ತು ಗಿಟಾರಿಸ್ಟ್ ಸ್ಟೀವ್ ಕ್ರಾಪರ್ ಸೇರಿ ಮಾಡಿದ್ದು. ಅಟ್ಲಾಂಟಿಕ್ ರೆಕಾರ್ಡ್ಸ್‌ನ ಜೆರ್ರಿ ವೆಕ್ಸ್ಲರ್ ಸ್ಟುಡಿಯೋ ಒಳಗೇ ಬಂದು ಆಗಿನ ಹೊಸ ಡಾನ್ಸ್ ಒಂದನ್ನು ಕುಣಿದು ತೋರಿಸಿದರಂತೆ, ಆ ಕುಣಿತಕ್ಕೆ ಹೊಂದಿಸಿದ್ದು. ನಿಮ್ಮ ಡ್ರಮ್ಸ್ ಗ್ರಿಡ್‌ಗೆ ಅಂಟಿಕೊಂಡಿದ್ದರೆ ಹಾರ್ನ್ಸ್ ಎಷ್ಟು ಸರಿ ಮಾಡಿದರೂ ಕೂರುವುದಿಲ್ಲ.

ಕೀಬೋರ್ಡ್ ಕಿಟ್ಟಿ

ಒಂದೊಂದಾಗಿ ಬಾರಿಸಿ ನೋಡಿದೆ. ಬಹಳ ವ್ಯತ್ಯಾಸ! ಬಾಯಲ್ಲಿ ಹಾಡಿದ್ದು ಮನೆಯವರಿಗೆಲ್ಲ ಮನರಂಜನೆ ಆಯಿತು, ಇರಲಿ. ಈಗ ತೊಂದರೆ ಉದ್ದ ಸ್ವರಗಳದ್ದು. ಸ್ಟಕಾಟೋ ಚೆನ್ನಾಗಿದೆ, ಎಳೆದಾಗ ಮಾತ್ರ ಹಾರ್ಮೋನಿಯಂ ಆಗುತ್ತದೆ.

ರಾತ್ರಿ ಪಾಳಿ

ಉಸಿರು ಇಲ್ಲ, ಅದಕ್ಕೆ. ಊದುವವರು ಒಂದೇ ಮಟ್ಟದಲ್ಲಿ ಎಳೆಯುವುದಿಲ್ಲ. ಜೋರಾಗಿ ಹೊಡೆಯುತ್ತಾರೆ, ತಕ್ಷಣ ಇಳಿಸುತ್ತಾರೆ, ಆಮೇಲೆ ನಿಧಾನವಾಗಿ ಏರಿಸಿ ಕತ್ತರಿಸುತ್ತಾರೆ. ಎಕ್ಸ್‌ಪ್ರೆಶನ್, ಅಂದರೆ ದನಿ ಏರಿಳಿಸುವ ಮಿಡಿ ಕಂಟ್ರೋಲರ್ ಸಿಸಿ 11, ಅದನ್ನು ಮೌಸ್‌ನಲ್ಲಿ ಗೆರೆ ಎಳೆಯಬೇಡಿ. ಮಾಡ್ಯುಲೇಶನ್ ವೀಲ್‌ಗೆ ಅಥವಾ ಫೇಡರ್‌ಗೆ ಜೋಡಿಸಿ ಬಾರಿಸುವಾಗಲೇ ಕೈಯಲ್ಲಿ ಆಡಿಸಿ. ದುಡ್ಡಿದ್ದರೆ ಬ್ರೆತ್ ಕಂಟ್ರೋಲರ್ ತಗೊಳ್ಳಿ, ಬಾಯಲ್ಲಿ ಊದಿದಷ್ಟು ದನಿ. ಬರೀ ವಾಲ್ಯೂಮ್ ಏರಿದರೆ ಸಾಲದು, ದನಿಯ ಬಣ್ಣವೂ ಬದಲಾಗಬೇಕು. ಮೆಲ್ಲಗೆ ಊದಿದಾಗ ದುಂಡಗೆ, ಜೋರಾಗಿ ಊದಿದಾಗ ಹರಿತ. ನಿಮ್ಮ ಲೈಬ್ರರಿಯಲ್ಲಿ ಆ ಲೇಯರ್‌ಗಳು ಯಾವ ಕಂಟ್ರೋಲರ್‌ಗೆ ಕಟ್ಟಿವೆ ನೋಡಿ, ಹಲವಾರರಲ್ಲಿ ಸಿಸಿ 1 ಇರುತ್ತದೆ.

ಕೊಳ್ಳುವುದೇ ಆದರೆ ಆಡಿಯೋ ಮಾಡೆಲಿಂಗ್‌ನವರ ಸ್ವಾಮ್ ಸ್ಯಾಕ್ಸೋಫೋನ್, ಸ್ಯಾಂಪಲ್ ಮಾಡೆಲಿಂಗ್‌ನವರ ಟ್ರಂಪೆಟ್ ನೋಡಿ. ಉದ್ದ ಸ್ವರಕ್ಕೆ ಇವಕ್ಕೆ ಸಾಟಿ ಕಮ್ಮಿ. ಆದರೆ ಕಂಟ್ರೋಲರ್ ಇಲ್ಲದೆ ಜೀವವೇ ಬರುವುದಿಲ್ಲ, ಮತ್ತೆ ರೂಮ್ ಇಲ್ಲದ ಒಣ ದನಿ. ಚಿಕ್ಕ ಹೊಡೆತಗಳಿಗೆ ಸ್ಯಾಂಪಲ್ ಮಾಡಿದ ಲೈಬ್ರರಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎರಡನ್ನೂ ಬೆರೆಸುವವರು ಇದ್ದಾರೆ.

ವೈಬ್ರೇಟೋ, ಅಂದರೆ ಸ್ವರದ ನಡುಕ, ಆಫ್ ಮಾಡಿ. ಬೇಕಿದ್ದರೆ ಉದ್ದ ಸ್ವರದ ಬಾಲದಲ್ಲಿ ಟೆನರ್‌ಗೆ ಮಾತ್ರ ಸ್ವಲ್ಪ. ಶ್ರುತಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಐದಾರು ಸೆಂಟ್ ಅಂತರ ಇರಲಿ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರರಲ್ಲಿ ಒಂದು ಪಾಲು).

ಅನಲಾಗ್ ಅಪ್ಪಯ್ಯ

ಈಗ ಮೈಕ್ ಮತ್ತು ಟೇಪ್ ವಿಷಯಕ್ಕೆ ಬರೋಣ. ಟೇಪ್ ಇಲ್ಲದೆ ಆ ಸೌಂಡ್ ಬರುವುದಿಲ್ಲ. ಸೆಕೆಂಡಿಗೆ 15 ಇಂಚಿನ ಟೇಪ್, ಹಾರ್ನ್ಸ್ ಕೆಂಪು ಗೆರೆ ಮುಟ್ಟುವ ಹಾಗೆ ತುಂಬಿಸಿದಾಗ ಮೊನಚು ತಾನಾಗಿ ಮಟ್ಟಸವಾಗುತ್ತದೆ.

ರಾತ್ರಿ ಪಾಳಿ

ಒಪ್ಪುವುದಿಲ್ಲ. ಟೇಪ್ ಕೊನೆಯ ಹತ್ತು ಪರ್ಸೆಂಟ್. ಕಿಟ್ಟಿ ಟೇಪ್ ಪ್ಲಗಿನ್ ಹಾಕಿ ಏನಾಯಿತು ಅಂತ ಅವರೇ ಬರೆದಿದ್ದಾರಲ್ಲ. ಮುಖ್ಯವಾದದ್ದು ಒಂದು ರೂಮು, ಒಂದು ಮೈಕು. ಮೂವರು ಒಂದೇ ಮೈಕ್ ಸುತ್ತ ನಿಂತರೆ ಬ್ಯಾಲೆನ್ಸ್ ಮಾಡುವವರು ಇಂಜಿನಿಯರ್ ಅಲ್ಲ, ಅವರ ಕಾಲು. ಟ್ರಂಪೆಟ್ ಜೋರು, ಅದಕ್ಕೆ ಹಿಂದೆ. ಸ್ಯಾಕ್ಸ್ ಮುಂದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್, ಹೆಚ್ಚುಕಮ್ಮಿ ಒಂದು ಅಡಿ, ಹೋಗುತ್ತದೆ. ಮೂರು ಅಡಿ ಹಿಂದೆ ನಿಂತವರು ಮೂರು ಮಿಲಿಸೆಕೆಂಡ್ ತಡ. ಇದನ್ನು ಕಂಪ್ಯೂಟರಿನಲ್ಲಿ ಹಾಗೇ ಇಡಬಹುದು, ಟ್ರಂಪೆಟ್‌ಗೆ ಮೂರು ಮಿಲಿಸೆಕೆಂಡ್ ಡಿಲೇ, ಸ್ವಲ್ಪ ಮೇಲ್ಭಾಗ ಕಮ್ಮಿ, ರೂಮ್ ಜಾಸ್ತಿ.

ಆಮೇಲೆ ಮೂರನ್ನೂ ಒಂದೇ ಮೋನೋ ಬಸ್‌ಗೆ (ಎಲ್ಲಾ ಸೇರುವ ಚಾನಲ್) ಕಳಿಸಿ. ಸ್ಟೀರಿಯೋ ಪ್ಯಾಚನ್ನು ಸುಮ್ನೆ ಮೋನೋ ಬಟನ್ ಒತ್ತಿ ಮಡಚಬೇಡಿ, ಎಡಬಲದ ಅಲೆಗಳು ಒಂದನ್ನೊಂದು ಕೊಂದು ದನಿ ಟೊಳ್ಳಾಗುತ್ತದೆ. ಲೈಬ್ರರಿಯಲ್ಲಿ ಕ್ಲೋಸ್ ಮೈಕ್ ಒಂದನ್ನೇ ಇಟ್ಟು ಉಳಿದದ್ದು ಆಫ್ ಮಾಡಿ. ಲೈಬ್ರರಿಯೊಳಗಿನ ರಿವರ್ಬೂ ಆಫ್. ಚಿಕ್ಕ ಹಾಲ್‌ನ ಒಂದು ಇಂಪಲ್ಸ್ ರೆಸ್ಪಾನ್ಸ್ (ಆ ಹಾಲ್‌ನ ಪ್ರತಿಧ್ವನಿಯ ರೆಕಾರ್ಡಿಂಗ್) ತಗೊಂಡು, ಒಂದು ಸೆಕೆಂಡಿಗಿಂತ ಕಮ್ಮಿ ಇರಲಿ, ಅದೇ ರೂಮಿಗೆ ಹಾರ್ನ್ಸ್ ಜೊತೆ ಡ್ರಮ್ಸ್ ಕೂಡ ಕಳಿಸಿ. ಆಗ ಅಪ್ಪಯ್ಯನವರು ಹೇಳಿದ ಡ್ರಮ್ ಸೋರಿಕೆ ಇದೆಯಲ್ಲ, ಅದರ ಭ್ರಮೆ ಬರುತ್ತದೆ.

ಅನಲಾಗ್ ಅಪ್ಪಯ್ಯ

ರೂಮಿನ ಮಾತು ಸರಿ. ಟೇಪ್ ಹತ್ತು ಪರ್ಸೆಂಟ್ ಅನ್ನುವುದನ್ನು ಮಾತ್ರ ನಾನು ಈ ಜನ್ಮದಲ್ಲಿ ಒಪ್ಪುವುದಿಲ್ಲ. ಬ್ರೂಕ್ಲಿನ್‌ನ ಡ್ಯಾಪ್‌ಟೋನ್ ರೆಕಾರ್ಡ್ ಕಂಪನಿಯವರು ಈ ಶತಮಾನದಲ್ಲೂ ಟೇಪ್ ಮೇಲೇ ರೆಕಾರ್ಡ್ ಮಾಡಿದ್ದು ಸುಮ್ನೆ ಅಲ್ಲ. ಗಾಯಕಿ ಏಮಿ ವೈನ್‌ಹೌಸ್ ಅವರ 2006ರ ಆಲ್ಬಮ್‌ನ ಹಲವು ಹಾಡುಗಳಲ್ಲಿ ಬರುವ ಹಾರ್ನ್ಸ್ ಡ್ಯಾಪ್‌ಟೋನ್‌ನ ಮನೆ ಬ್ಯಾಂಡ್ ಡ್ಯಾಪ್-ಕಿಂಗ್ಸ್‌ನವರದ್ದು. ಕೇಳಿದರೆ ನಲವತ್ತು ವರ್ಷ ಹಿಂದಿನದು ಅನ್ನಿಸುತ್ತದೆ.

ರಾತ್ರಿ ಪಾಳಿ

ಅನ್ನಿಸುವುದು ಅವರು ಹಾಗೆ ಊದುವುದರಿಂದ ಸಾರ್. ಅವರನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಹಳೇದೇ ಕೇಳಿಸುತ್ತದೆ.

ಮಿಷಿಗನ್ ಮಂಜ

ನಿಮ್ಮಿಬ್ಬರ ಜಗಳಕ್ಕೆ ಮಧ್ಯೆ ಒಂದು ಟೇಪ್ ಟ್ರಿಕ್. ಜೇಮ್ಸ್ ಬ್ರೌನ್ ಅವರ 1965ರ "ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್" ರೆಕಾರ್ಡ್ ಮಾಡಿದ್ದಕ್ಕಿಂತ ವೇಗವಾಗಿ ಬಿಡುಗಡೆ ಆಯಿತು, ಟೇಪನ್ನೇ ಜೋರಾಗಿ ಓಡಿಸಿದರು. ಹಾರ್ನ್ಸ್ ಬಿಗಿಯಾಗಿ ಬಂತು. ಕಂಪ್ಯೂಟರಿನಲ್ಲೂ ಆಗುತ್ತದೆ. ಹಾಡನ್ನು ಅರ್ಧ ಸ್ವರ ಇಳಿಸಿ, ಟೆಂಪೋ ಸುಮಾರು 6 ಪರ್ಸೆಂಟ್ ತಗ್ಗಿಸಿ ಹಾರ್ನ್ಸ್ ಮಾತ್ರ ಆಡಿಯೋ ಮಾಡಿಕೊಳ್ಳಿ. ಆಮೇಲೆ ವೇಗ ಮತ್ತು ಪಿಚ್ ಒಟ್ಟಿಗೆ ಏರಿಸಿ, ಟೈಮ್ ಸ್ಟ್ರೆಚ್ ಆಫ್ ಇರಬೇಕು. ಲೈಬ್ರರಿಯ ಆ ಪರಿಚಿತ ದನಿ ಮಾಯವಾಗುತ್ತದೆ. ಸ್ಟ್ಯಾಕ್ಸ್‌ಗೆ ಬೇಡ, ಫಂಕ್ ಮಾಡುವವರಿಗೆ ಹೇಳಿದೆ.

ಪ್ಲಗಿನ್ ಪ್ರೇಮಿ

ಇದು ಚೆನ್ನಾಗಿದೆ, ಇವತ್ತೇ ಮಾಡಿ ನೋಡುತ್ತೇನೆ.

ಕುಡ್ಲ ಸ್ಯಾಕ್ಸ್

ಎಲ್ಲಾ ಓದಿದೆ ಮಾರಾಯ್ರೇ. ಇಷ್ಟು ಕಷ್ಟಪಡುವ ಬದಲು ಒಬ್ಬ ನಿಜವಾದ ವಾದಕನ ಕೈಲಿ ಊದಿಸಬಾರದಾ? ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದನ್ನು ಕರ್ನಾಟಕ ಸಂಗೀತಕ್ಕೆ ತಂದ ಮೇಲೆ ನಮ್ಮ ಕಡೆ ಮದುವೆ, ದೇವಸ್ಥಾನ ಎಲ್ಲಾ ಕಡೆ ಸ್ಯಾಕ್ಸೋಫೋನ್. ನಾನೂ ಅದೇ ದಾರಿಯವನು. ನಾವು ಊದುವುದು ಹೆಚ್ಚಾಗಿ ಆಲ್ಟೋ, ನಿಮಗೆ ಬೇಕಿರುವುದು ಟೆನರ್, ಅದು ನಿಜ. ಆದರೆ ಮೂರು ಸ್ಯಾಂಪಲ್ ಟ್ರ್ಯಾಕ್ ಮೇಲೆ ಒಂದೇ ಒಂದು ನಿಜವಾದ ಹಾರ್ನ್ ಕೂತರೂ ಕಿವಿ ಉಳಿದದ್ದನ್ನೆಲ್ಲ ನಂಬಿಬಿಡುತ್ತದೆ.

ನನಗೆ ಗಮಕ ಬಿಡುವುದೇ ಕಷ್ಟ. ಸೋಲ್‌ನಲ್ಲಿ ಸ್ವರವನ್ನು ನೇರವಾಗಿ ಹೊಡೆಯಬೇಕು, ನಮ್ಮ ಬೆರಳು ಸುಮ್ಮನಿರುವುದಿಲ್ಲ. ಕಿಟ್ಟಿಯವರೇ, ಶ್ರುತಿ ಯಾವುದು?

ಕೀಬೋರ್ಡ್ ಕಿಟ್ಟಿ

ಅಯ್ಯೋ, ಇದಕ್ಕಿಂತ ಇನ್ನೇನು ಬೇಕು! ಹಾಡು ಇ ಮೇಜರ್‌ನಲ್ಲಿದೆ. ಗಿಟಾರಿಗೆ ಅಂತ ಆರಿಸಿದ್ದು. ಊದುವವರಿಗೆ ಇ ಕಷ್ಟ ಅಂತಾರಲ್ಲ, ಬದಲಿಸಬೇಕಾ?

ಮೂರನೇ ಕ್ರಾಸ್

ಬದಲಿಸಬೇಡಿ! ಓಟಿಸ್ ಗಿಟಾರನ್ನು ಓಪನ್ ಇ ಟ್ಯೂನಿಂಗ್‌ನಲ್ಲಿ (ತಂತಿ ಒತ್ತದೆ ಮೀಟಿದರೆ ಇ ಮೇಜರ್) ಇಟ್ಟು ಹಾಡು ಕಟ್ಟುತ್ತಿದ್ದರು. ಹಾಡು ಇ ಮೇಜರ್‌ನಲ್ಲಿದ್ದರೆ ಬಿ ಫ್ಲಾಟ್ ಟ್ರಂಪೆಟ್‌ಗೆ (ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ನುಡಿಯುವ ವಾದ್ಯ) ಎಫ್ ಶಾರ್ಪ್ ಆಗುತ್ತದೆ, ಆರು ಶಾರ್ಪ್. ಟೆನರ್‌ಗೂ ಅದೇ. ಬಿ ಫ್ಲಾಟ್‌ನಲ್ಲಿ ಆರಾಮಾಗಿ ಊದುವವರನ್ನು ಎಳೆದು ಇಂಥ ಕಡೆ ನಿಲ್ಲಿಸಿದರೆ ದನಿಯಲ್ಲಿ ಬೇರೆ ಥರದ ಬಿರುಸು ಬರುತ್ತದೆ ಅಂತ ನನಗನ್ನಿಸುತ್ತದೆ. ಸ್ಯಾಂಪಲ್‌ಗೆ ಎಲ್ಲಾ ಕೀಯೂ ಒಂದೇ, ಅದಕ್ಕೆ ಕಷ್ಟವೇ ಗೊತ್ತಿಲ್ಲ.

ಕುಡ್ಲ ಸ್ಯಾಕ್ಸ್

ಇ ಅಂದರೆ ನಮ್ಮ ಶ್ರುತಿ ಲೆಕ್ಕದಲ್ಲಿ ಬಿಳಿ ಮೂರು. ಆಲ್ಟೋದಲ್ಲಿ ನನಗದು ಸಿ ಶಾರ್ಪ್ ಆಯಿತು, ಪರವಾಗಿಲ್ಲ, ನಾವು ಬರೆದದ್ದು ನೋಡಿ ಊದುವವರಲ್ಲ. ಡ್ರಮ್ಸ್, ಬೇಸ್ ಮತ್ತು ನೀವು ಬಾಯಲ್ಲಿ ಹಾಡಿದ ಟ್ರ್ಯಾಕ್ ಕಳಿಸಿ. ಸ್ಯಾಂಪಲ್ ಹಾರ್ನ್ಸ್ ಕಳಿಸಬೇಡಿ, ಅದನ್ನು ಕೇಳಿದರೆ ನಾನೂ ಅದರ ಹಾಗೇ ಊದುತ್ತೇನೆ. ನನ್ನ ಹತ್ತಿರ ರಿಬ್ಬನ್ ಮೈಕ್ ಇಲ್ಲ, ಸಾಮಾನ್ಯ ಡೈನಾಮಿಕ್ ಮೈಕ್ ಇದೆ, ನಾಲ್ಕು ಅಡಿ ದೂರ ಇಟ್ಟು ಊದಿದರೆ ನಡೆಯುತ್ತದಾ?

ರಾತ್ರಿ ಪಾಳಿ

ಧಾರಾಳವಾಗಿ ನಡೆಯುತ್ತದೆ. ಫ್ಯಾನ್ ಆಫ್ ಮಾಡಿ, ಗೋಡೆಗೆ ಬೆನ್ನು ಬೇಡ. ರಿವರ್ಬ್ ಏನೂ ಹಾಕದೆ ಕಳಿಸಿ. ಕಿಟ್ಟಿ, ಅದು ಬಂದ ಮೇಲೆ ಸ್ಯಾಂಪಲ್ ಟೆನರನ್ನು ಅರ್ಧಕ್ಕೆ ಇಳಿಸಿ, ಆಲ್ಟೋ ಮುಂದಿರಲಿ, ಸ್ವರದ ಬಾಲಗಳನ್ನು ಅವರು ನಿಲ್ಲಿಸಿದ ಕಡೆಗೆ ಸರಿಸಿ. ಅವರನ್ನು ಗ್ರಿಡ್‌ಗೆ ಎಳೆಯಬೇಡಿ.

ಅನಲಾಗ್ ಅಪ್ಪಯ್ಯ

ಆಮೇಲೆ ಟೇಪ್ ಹಾಕಿ.